ಮಗಳಿಗೊಂದು ಪತ್ರ: ಎರಡು ಒಣ ತೆಂಗಿನಕಾಯಿ

ಸಾಗರ,
ಬುಧವಾರ ರಾತ್ರಿ

ಪ್ರೀತಿಯ ಪುಟ್ಟಿ,

‘ಉಭಯ ಕುಶಲೋಪರಿ’ ಅಂತಲೇ ಶುರು ಮಾಡಿದ್ದೆ. ಭಾನುವಾರ ಫೋನಿನಲ್ಲಿ ಅಷ್ಟೆಲ್ಲ ಆದ ಮೇಲೆ ಅದು ಸುಳ್ಳು ಅನ್ನಿಸಿ ಹಾಳೆ ಹರಿದೆ. ಇದು ಮೂರನೇ ಹಾಳೆ. ವಾಟ್ಸಾಪ್‌ನಲ್ಲಿ ಒಂದು ಸಾಲು ಒತ್ತಿ ಮುಗಿಸುವಷ್ಟರಲ್ಲಿ ಹೇಳಬೇಕಾದ್ದೇ ಮರೆತಿರುತ್ತದೆ. ಅಮ್ಮನ ಕೈಲಿ ಟೈಪ್ ಮಾಡಿಸಬಹುದಿತ್ತು. ಆದರೆ ಇದು ಅವಳಿಗೂ ಗೊತ್ತಿಲ್ಲದ ವಿಷಯ.

ಮುಂದಿನ ಶನಿವಾರ ಚಿನ್ನಿಯನ್ನು ಶರಾವತಿ ಹಿನ್ನೀರಿನ ದಡದ ಹೊನ್ನೆಮರಡುವಿಗೆ ಕರೆದುಕೊಂಡು ಹೋಗಿ ಕಯಾಕ್‌ನಲ್ಲಿ ಕೂರಿಸುತ್ತೇವೆ ಅಂತ ನೀನು ಹೇಳಿದಾಗ ನನ್ನ ಬಾಯಿಂದ ಬಂದ ಮಾತು ನೆನಪಿದೆ. ‘ಹರಿಗೋಲಿನಲ್ಲಿ ಎದ್ದು ನಿಂತವಳು ನೀನು, ಮಗೂನ ನೋಡ್ಕೊಳ್ತೀಯಾ?’ ಅಂದೆ. ನೀನು ಸ್ವಲ್ಪ ಹೊತ್ತು ಮಾತಾಡಲಿಲ್ಲ. ನಿಮ್ಮ ಮನೆಯ ಕುಕ್ಕರ್ ಒಂದು ಸಲ ಕೂಗಿತು. ಆಮೇಲೆ ‘ಅಪ್ಪಾ, ನಾನು ಸುಮ್ನೆ ಎದ್ದು ನಿಂತ್ನಾ?’ ಅಂತ ಕೇಳಿ, ನನ್ನ ಉತ್ತರಕ್ಕೂ ಕಾಯದೆ ಫೋನ್ ಇಟ್ಟುಬಿಟ್ಟೆ.

ಮೂರು ದಿನದಿಂದ ಆ ‘ಸುಮ್ನೆ’ ನನ್ನ ಕಿವಿ ಬಿಟ್ಟಿಲ್ಲ.

ಆ ಕಥೆಯನ್ನು ನಾನು ಎಷ್ಟು ಜನಕ್ಕೆ ಹೇಳಿದ್ದೇನೋ ಲೆಕ್ಕ ಇಲ್ಲ. ನಿನ್ನ ಮದುವೆ ಚಪ್ಪರದಲ್ಲಿ ಬೀಗರಿಗೂ ಹೇಳಿದೆ. ‘ನಮ್ಮ ಹುಡುಗಿ ಚಿಕ್ಕವಳಿದ್ದಾಗ ಭಾರಿ ತುಂಟಿ, ಶರಾವತಿ ಹಿನ್ನೀರಿನ ನಡುವೆ ಎದ್ದು ಕುಣಿದು ಹರಿಗೋಲು ಮಗುಚಿದಳು’ ಅಂತ. ಎಲ್ಲರೂ ನಕ್ಕರು. ನೀನೂ ತಲೆ ತಗ್ಗಿಸಿ ನಕ್ಕಿದ್ದೆ. ನಾಚಿಕೆ ಅಂದುಕೊಂಡಿದ್ದೆ ಆಗ.

ಪುಟ್ಟಿ, ನೀನಾಗಿ ಎದ್ದು ನಿಲ್ಲಲಿಲ್ಲ. ನಾನು ನಿಲ್ಲಿಸಿದೆ.

2001ರ ಮೇ ತಿಂಗಳು. ನಿನಗೆ ಎಂಟು ವರ್ಷ. ಅಮ್ಮನ ತಮ್ಮ, ನಿನ್ನ ಮಾವನ ಊರಿಗೆ ಹೋಗಿದ್ದೆವು, ಅಮ್ಮ ಅಂಗಳದಲ್ಲಿ ಹಲಸಿನ ಹಪ್ಪಳ ಒಣಗಿಸುತ್ತಿದ್ದಳು. ತೋಟದ ಕೆರೆಯಲ್ಲಿ ಮಾವ ನಿನಗೆ ನಾಲ್ಕು ದಿನದಿಂದ ಈಜು ಕಲಿಸುತ್ತಿದ್ದ. ಲೈಫ್ ಜಾಕೆಟ್ ಅನ್ನುವುದನ್ನು ನಾವ್ಯಾರೂ ಕಂಡಿರಲಿಲ್ಲ. ಸಿಪ್ಪೆ ಸುಲಿಯದ ಎರಡು ಒಣಕಾಯಿ ತಂದು, ಎರಡರಿಂದಲೂ ಒಂದೊಂದು ಎಳೆ ಸಿಪ್ಪೆ ಬಿಡಿಸಿ, ಆ ಎಳೆಗಳನ್ನು ಒಂದಕ್ಕೊಂದು ಗಂಟು ಹಾಕಿ, ಹಗ್ಗದಲ್ಲಿ ನಿನ್ನ ಸೊಂಟಕ್ಕೆ ಬಿಗಿಯುತ್ತಿದ್ದ. ಅದೇ ನಿನ್ನ ಜಾಕೆಟ್. ಬೆನ್ನ ಮೇಲೆ ಎರಡು ಕಾಯಿ ಹೊತ್ತು ಮನೆಯೆಲ್ಲ ಓಡಾಡುತ್ತಿದ್ದೆ. ಊಟಕ್ಕೆ ಕೂತಾಗಲೂ ಬಿಚ್ಚುತ್ತಿರಲಿಲ್ಲ.

ಐದನೇ ದಿನ ಹಿನ್ನೀರಿಗೆ ಹೋದೆವು. ಮೀನಿನವರ ಹರಿಗೋಲು ಒಂದು ದಡದಲ್ಲಿ ಬೋರಲು ಬಿದ್ದಿತ್ತು. ಮಾವನಿಗೆ ಅವರ ಪರಿಚಯ, ಕೇಳಿ ತಂದ. ಬಿದಿರು ಹೆಣೆದು, ಹೊರಗೆ ಪ್ಲಾಸ್ಟಿಕ್ ಚೀಲ ಹೊದಿಸಿ ಟಾರು ಬಳಿದದ್ದು. ಬಿಸಿಲಿಗೆ ಟಾರು ಮೆತ್ತಗಾಗಿ ನಿನ್ನ ಹಳದಿ ಲಂಗಕ್ಕೆ ಹತ್ತಿತ್ತು. ಅಮ್ಮ ಬಯ್ಯುತ್ತಾಳೆ ಅಂತ ನೀನು ಅದನ್ನೇ ಉಜ್ಜುತ್ತಾ ಕೂತಿದ್ದೆ. ಮಾವ ಹುಟ್ಟು ಹಿಡಿದು ಆ ಕಡೆ, ನೀನು ಈ ಕಡೆ. ದಡದಿಂದ ಎಂಟು ಹತ್ತು ಮಾರು ದೂರ, ಅಷ್ಟೇ. ನಾನು ದಡದಲ್ಲಿ, ಹೊಸ ಕ್ಯಾಮೆರಾ ಹಿಡಿದುಕೊಂಡು.

ಕ್ಯಾಮೆರಾದ ಕಿಂಡಿಯಲ್ಲಿ ನೋಡಿದರೆ ನೀನು ಕಾಣುತ್ತಲೇ ಇರಲಿಲ್ಲ. ಹರಿಗೋಲಿನ ಅಂಚಿನ ಮೇಲೆ ಒಂದು ತಲೆ, ಅದರ ಹಿಂದೆ ಎರಡು ಕಾಯಿ. ರೀಲಿನಲ್ಲಿ ಉಳಿದದ್ದು ಎರಡೇ ಫೋಟೋ. ‘ಎದ್ದು ನಿಲ್ಲು ಪುಟ್ಟಿ’ ಅಂದೆ. ಅಷ್ಟಕ್ಕೇ ಬಿಡಲಿಲ್ಲ. ‘ಆ ಕಾಯಿ ಬಿಚ್ಚು, ಫೋಟೋದಲ್ಲಿ ಚೆನ್ನಾಗಿ ಕಾಣಲ್ಲ’ ಅಂದೆ. ನೀನು ಮಾವನ ಮುಖ ನೋಡಿದೆ. ಮಾವ, ‘ಬೇಡ ಭಾವ, ತೂಕ ಒಂದೇ ಕಡೆ ಬರುತ್ತೆ’ ಅಂದ. ‘ಒಂದು ನಿಮಿಷ ಕಣೋ’ ಅಂದೆ ನಾನು. ಗಂಟು ಬಿಡಿಸಲು ನಿನಗೆ ಬರಲಿಲ್ಲ. ಮಾವನೇ ಬಿಚ್ಚಿಕೊಟ್ಟ. ಬಿಚ್ಚಿ ನಿನ್ನ ಕಾಲ ಹತ್ತಿರ ಇಟ್ಟ.

ಹರಿಗೋಲಿನಲ್ಲಿ ಎಲ್ಲರೂ ತಳದಲ್ಲಿ, ಎದುರುಬದುರು, ತೂಕ ಸರಿಯಾಗಿ ಕೂರಬೇಕು. ಒಬ್ಬರು ಎದ್ದು ಅಂಚಿನ ಕಡೆ ವಾಲಿದರೆ ಆ ಅಂಚು ನೀರು ಕುಡಿಯುತ್ತದೆ. ಒಂದು ಸಲ ಕುಡಿದರೆ ಮುಗಿಯಿತು. ಇದನ್ನೆಲ್ಲ ಆಮೇಲೆ ಓದಿ, ಕೇಳಿ ತಿಳಿದುಕೊಂಡೆ. ಮಾವನಿಗೆ ಮೊದಲೇ ಗೊತ್ತಿತ್ತು, ನಾನು ಕೇಳಲಿಲ್ಲ.

ಹರಿಗೋಲು ಮಗುಚಿದ ಮೇಲೆ ಮೊದಲು ಮೇಲೆ ಬಂದದ್ದು ಆ ಎರಡು ಕಾಯಿ. ನೀನಲ್ಲ.

ಪಕ್ಕಪಕ್ಕದಲ್ಲಿ ತೇಲುತ್ತಿದ್ದವು, ಗಂಟು ಹಾಕಿದ ಹಾಗೇ. ಬಿಸಿಲಿಗೆ ಹೊಳೆಯುತ್ತಿದ್ದವು. ನಿಧಾನಕ್ಕೆ ಒಂದು ಸುತ್ತು ತಿರುಗಿದವು. ಈಗಲೂ ಅಡಿಗೆಮನೆಯ ಮೂಲೆಯಲ್ಲಿ ಕಾಯಿ ರಾಶಿ ನೋಡಿದರೆ ಅವೇ ಕಾಣುತ್ತವೆ. ಎಷ್ಟು ಹೊತ್ತು ಅಂತ ನನ್ನನ್ನು ಕೇಳಬೇಡ. ಹತ್ತು ಸೆಕೆಂಡ್ ಇರಬಹುದು. ಮಾವ ಮುಳುಗಿದ, ಎದ್ದ, ಮತ್ತೆ ಮುಳುಗಿದ. ಎರಡನೇ ಸಲ ನಿನ್ನ ಜಡೆ ಹಿಡಿದುಕೊಂಡೇ ಮೇಲೆ ಬಂದ. ನಾನು ಮೊಣಕಾಲುದ್ದ ನೀರಿನಲ್ಲಿ ನಿಂತಿದ್ದೆ. ಈಜು ಬರುವುದಿಲ್ಲ, ಅದು ನಿನಗೆ ಗೊತ್ತು. ಗೊತ್ತಿಲ್ಲದ್ದು ಏನೆಂದರೆ, ಆ ಹೊತ್ತಿನಲ್ಲೂ ನಾನು ಕ್ಯಾಮೆರಾವನ್ನು ಎರಡೂ ಕೈಯಲ್ಲಿ ತಲೆಯ ಮೇಲೆ ಎತ್ತಿ ಹಿಡಿದಿದ್ದೆ. ನೀರು ತಾಗಬಾರದು ಅಂತ.

ಆಮೇಲಿನದ್ದೆಲ್ಲ ನಿನಗೆ ನೆನಪಿದೆ. ಬಿಡು.

ಮನೆಗೆ ಬಂದ ತಕ್ಷಣ ಅಮ್ಮನಿಗೆ ‘ಇವಳು ಎದ್ದು ನಿಂತಳು’ ಅಂದೆ. ಹೆದರಿಕೆಯಲ್ಲಿ ಬಾಯಿಗೆ ಬಂದ ಮಾತು. ಮಾವ ನನ್ನನ್ನು ಒಂದು ಸಲ ನೋಡಿ ಬಟ್ಟೆ ಹಿಂಡಲು ಹೋದ. ಸಾಯುವವರೆಗೂ ಅದರ ಬಗ್ಗೆ ಒಂದು ಮಾತು ಆಡಲಿಲ್ಲ. ಅವನು ಹೋಗಿ ಐದು ವರ್ಷ ಆಯ್ತು. ಅವನ ಎದುರಿಗಾದರೂ ಒಪ್ಪಿಕೊಳ್ಳಬೇಕಿತ್ತು.

ನಿನಗೆ ನೆನಪಿಲ್ಲ ಅಂದುಕೊಂಡಿದ್ದೆ. ಎಂಟು ವರ್ಷದ ಮಗು, ನೀರು ಕುಡಿದಿತ್ತು, ಎರಡು ದಿನ ಜ್ವರ ಬೇರೆ. ಭಾನುವಾರ ನೀನು ಕೇಳಿದ ಮೇಲೆ ಅನುಮಾನ ಬಂತು. ನೆನಪಿದ್ದೂ ಇಷ್ಟು ವರ್ಷ ಸುಮ್ಮನಿದ್ದೆಯಾ? ಚಪ್ಪರದಲ್ಲಿ ತಲೆ ತಗ್ಗಿಸಿದ್ದು ಅದಕ್ಕೇನಾ?

ಇದರ ಜೊತೆ ಒಂದು ಫೋಟೋ ಇಟ್ಟಿದ್ದೇನೆ. ಎಲ್‌ಐಸಿ ಪಾಲಿಸಿ ಫೈಲಿನ ಒಳಗೆ 25 ವರ್ಷದಿಂದ ಇತ್ತು. ನೀನು ಎರಡೂ ಕೈ ಚಾಚಿ ನಿಂತು ನನ್ನ ಕಡೆ ನೋಡಿ ನಗುತ್ತಿದ್ದೀಯ. ಲಂಗದ ಮೇಲೆ ಟಾರಿನ ಕಲೆ ಇದೆ. ಮಾವ ಮಾತ್ರ ನಗುತ್ತಿಲ್ಲ.

ಆ ದಿನದ ನಂತರ ನನ್ನ ಕಾನೂನು ಒಂದೇ ಆಯ್ತು: ಬೆಟ್ಟ ಎಷ್ಟು ಬೇಕಾದರೂ ಹತ್ತು, ನೀರಿನ ಹತ್ತಿರ ಹೋಗಬೇಡ. ಕೊಡಚಾದ್ರಿಗೆ ಕರೆದುಕೊಂಡು ಹೋದೆ, ಕುಮಾರಪರ್ವತ ಹತ್ತಿದೆವು, ಇಂಬಳಕ್ಕೆ ಸುಣ್ಣ ಹಚ್ಚಿಕೊಂಡು ಮಳೆಗಾಲದಲ್ಲೂ ಅಲೆದೆವು. 1712 ಮೀಟರ್ ಎತ್ತರಕ್ಕೆ ಮಗಳನ್ನು ಹತ್ತಿಸಿದ ಅಪ್ಪ ಅಂತ ಊರೆಲ್ಲ ಹೊಗಳಿತು. ಅಷ್ಟು ಧೈರ್ಯದ ಅಪ್ಪ ಪಿಯುಸಿಯಲ್ಲಿ ದಾಂಡೇಲಿಯ ರಾಫ್ಟಿಂಗ್ ಟ್ರಿಪ್ಪಿಗೆ ಸಹಿ ಹಾಕಲಿಲ್ಲ. ದುಡ್ಡಿಲ್ಲ ಅಂದೆ. ದುಡ್ಡಿತ್ತು.

ನಿನ್ನ ಅಜ್ಜಿ ಇದ್ದಿದ್ದರೆ ನನ್ನ ಪರ ಮಾತಾಡುತ್ತಿದ್ದಳು. ಅವಳ ತವರು ಕರೂರು ಹೋಬಳಿಯಲ್ಲಿತ್ತು, 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆದಾಗ ಮುಳುಗಿತು. ನನಗಾಗ ಆರು ವರ್ಷ. ಹಿನ್ನೀರು ದಾಟಲು ಸಿಗಂದೂರು ಲಾಂಚ್ ಹತ್ತಿದರೆ ದಡ ಮುಟ್ಟುವವರೆಗೂ ಅವಳು ಸೆರಗು ಮುಖಕ್ಕೆ ಹಿಡಿದು ಕೂರುತ್ತಿದ್ದಳು. ‘ನನ್ನ ತೋಟದ ಮೇಲೆ ಆಟ ಆಡ್ತಾರೆ’ ಅನ್ನುತ್ತಿದ್ದಳು ದೋಣಿ ನೋಡಿದರೆ. ಈಗ ಲಾಂಚ್ ಕಾಯುವ ಕೆಲಸವೂ ಇಲ್ಲ, 2025ರ ಜುಲೈನಲ್ಲಿ ಸೇತುವೆ ಆಯ್ತು. ಐದು ನಿಮಿಷದಲ್ಲಿ ಅಜ್ಜಿಯ ನೀರು ದಾಟಿಬಿಡಬಹುದು. ನಾನೂ ಒಂದು ಸಲ ದಾಟಿದೆ. ಕಿಟಕಿ ಕಡೆ ಕೂರಲಿಲ್ಲ.

ಇಷ್ಟೆಲ್ಲ ಆದರೂ ನೀನು ಬೆಂಗಳೂರಿನಲ್ಲಿ ಮಗು ಹುಟ್ಟಿದ ಮೇಲೆ, ನಮಗ್ಯಾರಿಗೂ ಹೇಳದೆ, ದಿನಾ ಬೆಳಿಗ್ಗೆ ಆರಕ್ಕೆ ಎದ್ದು ಈಜು ಕಲಿತೆಯಲ್ಲ. ಹೊನ್ನಾವರದ ಕಾಂಡ್ಲಾ ಗಿಡಗಳ ನಡುವೆ ಶರಾವತಿಯಲ್ಲಿ ಒಬ್ಬಳೇ ಹುಟ್ಟು ಹಾಕುತ್ತಿರುವ ಫೋಟೋ ಕಳಿಸಿದ ದಿನ ನನಗೆ ಊಟ ಸೇರಲಿಲ್ಲ. ಹೆದರಿಕೆಗಲ್ಲ. ಕಟಿಂಗ್ ಶಾಪಿನವನಿಂದ ಹಿಡಿದು ಪೋಸ್ಟ್‌ಮ್ಯಾನ್‌ವರೆಗೆ ಎಲ್ಲರಿಗೂ ತೋರಿಸಿದೆ. ನಿನಗೆ ಫೋನ್ ಮಾಡಿ ಕೇಳಿದ್ದು ಮಾತ್ರ, ‘ಆಫೀಸಿಗೆ ರಜೆ ಹಾಕಿದ್ಯಾ?’ ಅಂತ. ನನ್ನ ಬಾಯಿ ಯಾಕೆ ಹೀಗೋ ಗೊತ್ತಿಲ್ಲ.

ಬುದ್ಧಿ ಹೇಳಬಾರದು ಅಂತಲೇ ಬರೆಯಲು ಕೂತದ್ದು. ನೀನು ನನಗಿಂತ ಜಾಸ್ತಿ ಬಲ್ಲೆ. ಆದರೂ ನಾಲ್ಕು ಮಾತು, ಕೋಪ ಮಾಡಿಕೊಳ್ಳಬೇಡ.

ಚಿನ್ನಿಗೆ ಜಾಕೆಟ್ ಹಾಕಿದ ಮೇಲೆ ಎರಡೂ ಭುಜದ ಪಟ್ಟಿ ಹಿಡಿದು ಮೇಲಕ್ಕೆ ಎಳೆದು ನೋಡು. ಕಿವಿಯವರೆಗೆ ಬಂದರೆ ಅದು ಅವಳದ್ದಲ್ಲ, ದೊಡ್ಡವರದ್ದು. ಮಕ್ಕಳ ಜಾಕೆಟ್ ತೂಕದ ಲೆಕ್ಕದಲ್ಲಿ ಬರುತ್ತದೆ. ಕಾಲ ಸಂದಿಯಿಂದ ತಂದು ಬಿಗಿಯುವ ಪಟ್ಟಿ ಇದ್ದರೆ ಒಳ್ಳೆಯದು, ಇಲ್ಲದಿದ್ದರೆ ನೀರಿಗೆ ಬಿದ್ದಾಗ ಜಾಕೆಟ್ ಮೇಲೆ ಹೋಗಿ ಮಗು ಕೆಳಗೆ ಉಳಿಯುತ್ತದೆ. ಚುಚ್ಚುತ್ತೆ ಅಂತ ಅತ್ತರೂ ಬಿಚ್ಚಬೇಡ. ದಡಕ್ಕೆ ಬಂದು, ಮೇಲೆ ಹತ್ತಿ, ಚಪ್ಪಲಿ ಹಾಕಿದ ಮೇಲೆ ಬಿಚ್ಚು. ಅಳಿಯಂದಿರೂ ಹಾಕಿಕೊಳ್ಳಲಿ, ಈಜು ಬರುತ್ತೆ ಅಂತ ಸೀಟಿನ ಕೆಳಗೆ ಇಡುವ ಶೋಕಿ ಬೇಡ. ಬೆಳಿಗ್ಗೆಯೇ ಹೋಗಿ. ಮಧ್ಯಾಹ್ನದ ಹೊತ್ತಿಗೆ ಅಗಲ ನೀರಿನ ಮೇಲೆ ಗಾಳಿ ಏಳುತ್ತದೆ, ಹೋಗುವಾಗ ಹಿಂದಿನಿಂದ ತಳ್ಳಿದ ಗಾಳಿ ಬರುವಾಗ ಎದುರಿಗೆ ನಿಲ್ಲುತ್ತದೆ. ಮಗುಚಿದರೆ ಕಯಾಕ್ ಬಿಡಬೇಡಿ, ಅದು ತೇಲುತ್ತದೆ, ಹಿಡಿದುಕೊಂಡೇ ಇರಿ. ಒಣ ಮರದ ಬೊಡ್ಡೆಗಳ ಹತ್ತಿರ ಹೋಗಬೇಡಿ. ಮೇಲೆ ಕಾಣುವುದು ಒಂದು, ಕೆಳಗೆ ಹತ್ತು.

ಇನ್ನೊಂದು, ಹಿನ್ನೀರಿನ ದಡ ಕೆರೆಯ ದಡ ಅಲ್ಲ. ಸಮುದ್ರ ಮಟ್ಟದಿಂದ 1819 ಅಡಿಯವರೆಗೆ ತುಂಬಿ ಆಮೇಲೆ ಇಳಿಯುತ್ತಾ ಹೋಗುವ ನೀರು, ಇವತ್ತಿನ ದಡ ಹೋದ ತಿಂಗಳ ದಡ ಅಲ್ಲ. ಒಂದು ಹೆಜ್ಜೆ ಮೊಣಕಾಲುದ್ದ, ಮುಂದಿನ ಹೆಜ್ಜೆ ಆಳೆತ್ತರ. ಕೆಳಗೆ ಯಾರದ್ದೋ ತೋಟದ ಧರೆ ಇರುತ್ತದೆ, ಯಾರದ್ದೋ ಬಾವಿ ಇರುತ್ತದೆ. ಚಿನ್ನಿ ಕೈ ಬಿಡಿಸಿಕೊಂಡು ದಡದಲ್ಲಿ ಓಡಬಾರದು. ಕೊಡಚಾದ್ರಿಗೂ ಹೋಗುವುದಾದರೆ ಹಿಡ್ಲುಮನೆ ಜಲಪಾತದ ದಾರಿ ಈ ಸಲ ಬೇಡ, ಆರು ವರ್ಷದ ಮಗುವಿಗೆ ಅದು ಕಡಿದು. ಜೀಪಿನಲ್ಲಿ ಮೇಲೆ ಹೋಗಿ ಅಲ್ಲಿಂದ ಸರ್ವಜ್ಞ ಪೀಠದವರೆಗೆ ನಡೆಸಿದರೆ ಸಾಕು. ಅವಳ ಬಾಟಲಿಯಲ್ಲಿ…

ನೋಡು, ನಾಲ್ಕು ಅಂದಿದ್ದೆ. ಎಷ್ಟಾಯ್ತೋ.

ಇಷ್ಟು ಬರೆದು ಓದಿ ನೋಡಿದೆ. ಕ್ಷಮಿಸು ಅನ್ನುವ ಮಾತು ಎಲ್ಲೂ ಇಲ್ಲ. ಕ್ಷಮಿಸು ಪುಟ್ಟಿ. ಚಪ್ಪರದಲ್ಲಿ ಹೇಳಿದ್ದಕ್ಕೆ, ದಾಂಡೇಲಿಗೆ, ಭಾನುವಾರಕ್ಕೆ. ಅಮ್ಮನಿಗೆ ನಾಳೆ ಬೆಳಿಗ್ಗೆ ಕಾಫಿ ಕುಡಿಯುವಾಗ ಹೇಳುತ್ತೇನೆ. ಅವಳು ಏನಂತಾಳೋ, ಅವಳ ತಮ್ಮನ ವಿಷಯ ಬೇರೆ ಇದೆ ಅದರಲ್ಲಿ.

ತಾಳಗುಪ್ಪ ರೈಲು ಬೆಳಿಗ್ಗೆ ಬೇಗ ಬಂದುಬಿಡುತ್ತದೆ, ಸ್ಟೇಷನ್ನಿಗೆ ನಾನೇ ಆಟೋ ತರುತ್ತೇನೆ. ಸ್ನಾನ, ತಿಂಡಿ ಇಲ್ಲೇ ಆಗಲಿ. ಅಮ್ಮ ತೆಳ್ಳೇವು ಮಾಡುತ್ತಾಳಂತೆ. ಚಿನ್ನಿಯ ತೂಕ ಎಷ್ಟು ಅಂತ ಇವತ್ತೇ ನೋಡಿ ತಿಳಿಸು, ಶಿವಮೊಗ್ಗಕ್ಕೆ ಹೋಗುವವನಿದ್ದೇನೆ, ಅವಳ ಅಳತೆಯ ಜಾಕೆಟ್ ಸಿಗುತ್ತದಾ ವಿಚಾರಿಸುತ್ತೇನೆ. ಅಲ್ಲಿ ಕೊಡುತ್ತಾರೆ ಅಂತ ನೀನು ಹೇಳುತ್ತೀಯ, ಗೊತ್ತು. ಇರಲಿ ಒಂದು.

ನಾನೂ ಹೊನ್ನೆಮರಡುವಿಗೆ ಬರಲಾ, ಬೇಡ್ವಾ, ನೀನೇ ಹೇಳು. ಬೇಡ ಅಂದರೆ ಮನೆಯಲ್ಲಿ ಇರುತ್ತೇನೆ, ಬೇಜಾರಿಲ್ಲ. ಬಾ ಅಂದರೆ ದಡದಲ್ಲಿ ಚಾಪೆ ಹಾಕಿಕೊಂಡು ಕೂರುತ್ತೇನೆ. ಫೋಟೋ ತೆಗೆಯುವುದಿಲ್ಲ. ಮೊಬೈಲನ್ನು ಅಮ್ಮನ ಕೈಲಿ ಕೊಟ್ಟು ಬರುತ್ತೇನೆ.

ನಿನ್ನ
ಅಪ್ಪ