ಫೋಟೊಗಾಗಿ ದುಂಬಿಯನ್ನು ಫ್ರಿಜ್‌ನಲ್ಲಿ ಇಡಬೇಡಿ

ಮಾನ್ಯ ಸಂಪಾದಕರೇ,

ನಮ್ಮದು ತಿಪಟೂರು ತಾಲ್ಲೂಕಿನ ಒಂದು ಹಳ್ಳಿ. ತೆಂಗಿನ ತೋಟದ ಪಕ್ಕ ಕಾಲು ಎಕರೆ ಬದನೆ ಹಾಕಿದ್ದೇನೆ. ಮಗ ತಂದುಕೊಟ್ಟ ಸಣ್ಣ ಮ್ಯಾಕ್ರೊ ಲೆನ್ಸನ್ನು ಮೊಬೈಲಿಗೆ ಸಿಕ್ಕಿಸಿಕೊಂಡು ನಾಲ್ಕು ವರ್ಷದಿಂದ ಹುಳ-ಹುಪ್ಪಟೆಗಳ ಫೋಟೊ ತೆಗೆಯುತ್ತಿದ್ದೇನೆ. ನಿಮ್ಮ ಪುಟದಲ್ಲಿ ಓದುಗರ ಫೋಟೊ ಬರುತ್ತವಲ್ಲ, ಅದಕ್ಕೇ ಈ ಪತ್ರ.

ಕಳೆದ ಕಾರ್ತಿಕದಲ್ಲಿ ಊರಿಗೆ ದೊಡ್ಡ ಕ್ಯಾಮೆರಾ ಹಿಡಿದು ಒಬ್ಬರು ಬಂದಿದ್ದರು. ನಮ್ಮ ಬೇಲಿಯಲ್ಲಿ ಜೇನಿನ ಬಳಗದ ನೀಲಿ ಪಟ್ಟೆಯ ದುಂಬಿಗಳು ಮಲಗುವ ಕಡ್ಡಿಯನ್ನು ನಾನೇ ತೋರಿಸಿದೆ. ಸಂಜೆ ಐದನ್ನು ಡಬ್ಬಿಗೆ ಹಾಕಿಕೊಂಡು ಹೋದರಂತೆ. ಬೆಳಿಗ್ಗೆ ನೋಡಿದರೆ ಫ್ರಿಜ್‌ನಲ್ಲಿದ್ದವು. ತಣ್ಣಗಾದರೆ ಅಲ್ಲಾಡಲ್ಲ, ಎಲೆ ಮೇಲೆ ಇಟ್ಟು ಆರಾಮಾಗಿ ತೆಗೆಯಬಹುದು, ತುಂಬಾ ಜನ ಹೀಗೇ ಮಾಡ್ತಾರೆ ಅಂದರು. ಮೂರು ಚೇತರಿಸಿಕೊಂಡು ಹಾರಿದವು. ಎರಡು ಏಳಲೇ ಇಲ್ಲ. ಜಾಗ ತೋರಿಸಿದವಳು ನಾನಲ್ವಾ ಅಂತ ಇವತ್ತಿಗೂ ಸಂಕಟವಾಗುತ್ತದೆ.

ಫ್ರಿಜ್ ಬೇಕಾಗಿಯೇ ಇರಲಿಲ್ಲ. ಈ ದುಂಬಿ ಮಲಗುವುದನ್ನು ನೀವು ನೋಡಬೇಕು. ಒಣಕಡ್ಡಿಯನ್ನು ದವಡೆಯಲ್ಲಿ ಕಚ್ಚಿ ಹಿಡಿದು, ಕಾಲು ಮಡಚಿಕೊಂಡು ರಾತ್ರಿಯೆಲ್ಲ ಹಾಗೇ ಇರುತ್ತದೆ. ಒಂದರ ಪಕ್ಕ ಒಂದು, ದಾರಕ್ಕೆ ಪೋಣಿಸಿದ ಹಾಗೆ. ಹಾಲು ಕರೆಯುವ ಮುಂಚೆ, ಇನ್ನೂ ಚಳಿ ಇರುವಾಗ ಹೋದರೆ ಎರಡು ಬೆರಳಿನಷ್ಟು ಹತ್ತಿರ ಲೆನ್ಸ್ ಹಿಡಿದರೂ ಕದಲುವುದಿಲ್ಲ. ಬೆನ್ನಿನ ಕಂದು ರೋಮದ ತುದಿಯಲ್ಲೆಲ್ಲ ಇಬ್ಬನಿ. ಅಷ್ಟು ಹತ್ತಿರದಲ್ಲಿ ಕಣ್ಣು ಸ್ಪಷ್ಟವಾದರೆ ರೆಕ್ಕೆ ಮಸುಕು, ಉಸಿರು ಬಿಟ್ಟರೂ ಫೋಕಸ್ ತಪ್ಪುತ್ತದೆ. ಮೂವತ್ತು ತೆಗೆದರೆ ಒಂದು ಸಿಗಬಹುದು. ಬಿಸಿಲು ತಾಗಿದ ಮೇಲೆ ಮೈ ನಡುಗಿಸಿ, ಮುಂಗಾಲಿನಿಂದ ಮೀಸೆ ಒರೆಸಿಕೊಂಡು ತಾನೇ ಹಾರಿಹೋಗುತ್ತದೆ.

ಎರಡು ಹುಳಕ್ಕೆ ಇಷ್ಟೊಂದು ಯಾಕೆ ಅನ್ನಬೇಡಿ. ಬದನೆ ಹೂವಿನ ಪರಾಗ ಸುಮ್ನೆ ಉದುರುವುದಿಲ್ಲ. ಕೇಸರದ ತುದಿಯಲ್ಲಿ ಸಣ್ಣ ತೂತು ಮಾತ್ರ ಇರುತ್ತದೆ. ಈ ಜಾತಿಯ ಹೆಣ್ಣು ದುಂಬಿ ಹೂವನ್ನು ತಬ್ಬಿ ಝುಂಯ್ ಅಂತ ಮೈ ಅದುರಿಸಿದರೆ ಉಪ್ಪಿನ ಡಬ್ಬಿ ಅಲ್ಲಾಡಿಸಿದ ಹಾಗೆ ಪರಾಗ ಉದುರುತ್ತದೆ. ಟೊಮೆಟೊಗೂ ಹೀಗೇ. ಹೆಜ್ಜೇನು, ತುಡುವೆ ಜೇನಿಗೆ ಈ ವಿದ್ಯೆ ಬರುವುದಿಲ್ಲ. ಕಡ್ಡಿ ಕಚ್ಚಿ ಗುಂಪಾಗಿ ಮಲಗುವುದು ಹೆಚ್ಚಾಗಿ ಗಂಡುಗಳು, ಹೆಣ್ಣು ಮಣ್ಣಿನಲ್ಲಿ ಬಿಲ ತೋಡಿ ಮೊಟ್ಟೆ ಇಡುತ್ತದೆ. ಗಂಡಿನ ಜೊತೆ ಕೂಡದೆ ಇಟ್ಟ ಮೊಟ್ಟೆಯಲ್ಲಿ ಗಂಡೇ ಹುಟ್ಟುತ್ತದೆ. ಹೀಗೆ ಮಲಗಿದ ಗಂಡುಗಳನ್ನೇ ಹಿಡಿದು ಸಾಯಿಸಿದರೆ ನನ್ನ ಬದನೆಗೆ ಮುಂದಿನ ವರ್ಷ ಹೆಣ್ಣು ಎಲ್ಲಿಂದ ಬರಬೇಕು?

ನಿಮ್ಮಲ್ಲಿ ಕೇಳುವುದು ಇಷ್ಟೇ. ಹುಳದ ಫೋಟೊ ಕಳಿಸುವವರಿಂದ ಎಲ್ಲಿ, ಎಷ್ಟು ಹೊತ್ತಿಗೆ, ಹೇಗೆ ತೆಗೆದದ್ದು ಅಂತ ಬರೆಸಿಕೊಳ್ಳಿ. ಅದನ್ನು ಫೋಟೊದ ಕೆಳಗೆ ಹಾಕಿ. ಫ್ರಿಜ್‌ನಲ್ಲಿ ಇಟ್ಟದ್ದು, ಅಂಟು ಹಚ್ಚಿ ಕೂರಿಸಿದ್ದು ಇದ್ದರೆ ದಯವಿಟ್ಟು ಹಾಕಬೇಡಿ. ಸ್ಪರ್ಧೆ ನಡೆಸುವವರೂ ಇದನ್ನೇ ನಿಯಮ ಮಾಡಲಿ. ಆಮೇಲೆ ಮಸುಕಾದ ಫೋಟೊ ಬಂದರೂ ಬೇಸರಪಡಬೇಡಿ, ಬದುಕಿರುವ ಹುಳದ್ದು ಹಾಗೇ ಬರುವುದು ಜಾಸ್ತಿ.

ನಮ್ಮ ಬೇಲಿಯಲ್ಲಿ ಈಗಲೂ ಎರಡು ಕಡ್ಡಿಗಳಲ್ಲಿ ದುಂಬಿಗಳು ಮಲಗುತ್ತಿವೆ. ಡಬ್ಬಿ ತರದೆ ನಸುಕಿನಲ್ಲಿ ಬರುವವರಿಗೆ ತೋರಿಸುತ್ತೇನೆ.

— ಒಬ್ಬ ರೈತ ಮಹಿಳೆ, ತಿಪಟೂರು ತಾಲ್ಲೂಕು