ನಮ್ಮಲ್ಲಿ ಮೊಲಗಳನ್ನು ಬಿಟ್ಟು ಹೋಗುವವರಿಗೆ: ಆಟದ ಅಂಗಳ ಮುಚ್ಚುತ್ತಿದ್ದೇವೆ

ಪ್ರಿಯ ಗ್ರಾಹಕರಿಗೆ ನಮಸ್ಕಾರ,

ನೀವು ಪ್ರಯಾಣ ಹೋಗುವಾಗ ನೋಡಿಕೊಳ್ಳಲೆಂದು ನಮ್ಮಲ್ಲಿ ಬಿಟ್ಟ ಎಲ್ಲ ಮನೆಗಳ ಮೊಲಗಳನ್ನೂ ಸಂಜೆ ಹೊತ್ತು ಒಟ್ಟಿಗೆ ಬಿಡುತ್ತಿದ್ದ ಆಟದ ಅಂಗಳ ಮುಂದಿನ ತಿಂಗಳ ಒಂದನೇ ತಾರೀಖಿನಿಂದ ಇರುವುದಿಲ್ಲ. ಇನ್ನು ಒಂದೊಂದು ಮನೆಯ ಮೊಲಗಳಿಗೂ ಅವುಗಳದ್ದೇ ಕೋಣೆ, ಅಲ್ಲೇ ಓಡಾಡಲು ಜಾಗ. ಒಂದೇ ಮನೆಯ ಜೋಡಿಯನ್ನು ಮಾತ್ರ ಖಂಡಿತ ಬೇರೆ ಮಾಡುವುದಿಲ್ಲ. ಜೊತೆಗಾರ ಕಾಣದಿದ್ದರೆ ಕೆಲವು ಮೊಲಗಳು ಊಟವನ್ನೇ ಬಿಡುತ್ತವೆ, ಅದೂ ಅಪಾಯವೇ.

ನಮ್ಮಲ್ಲಿ ಯಾವ ಮೊಲಕ್ಕೂ ಈಗ ಕಾಯಿಲೆ ಇಲ್ಲ. ಆದರೆ ಬಂದ ಮೇಲೆ ಓಡಾಡುವುದಕ್ಕಿಂತ ಈಗಲೇ ಎಚ್ಚರ ವಹಿಸುವುದು ಮೇಲು ಅನ್ನಿಸಿತು. ಮೊಲ ಕಾಯಿಲೆಯನ್ನು ಬಚ್ಚಿಟ್ಟುಕೊಳ್ಳುವ ಪ್ರಾಣಿ. ನೋಡಲು ಚೆನ್ನಾಗಿದ್ದ ಮಾತ್ರಕ್ಕೆ ಅದರಿಂದ ಇನ್ನೊಂದಕ್ಕೆ ಏನೂ ಅಂಟುವುದಿಲ್ಲ ಎನ್ನುವಂತಿಲ್ಲ. ಇ. ಕ್ಯುನಿಕ್ಯುಲಿ ಎಂಬ ಪರೋಪಜೀವಿಯನ್ನೇ ನೋಡಿ. ಅದು ಮೂತ್ರದ ಮೂಲಕ ಹರಡುತ್ತದೆ. ಎಷ್ಟೋ ಮೊಲಗಳ ಮೈಯಲ್ಲಿ ಸದ್ದಿಲ್ಲದೆ ಇರುತ್ತದೆ. ಅಂಥ ಮೊಲ ಉಚ್ಚೆ ಹೊಯ್ದ ನೆಲದಲ್ಲಿ ಇನ್ನೊಂದು ಓಡಾಡಿ ಕಾಲು ನೆಕ್ಕಿಕೊಂಡರೆ ಸಾಕು. ಕೆಲವಕ್ಕೆ ತಿಂಗಳುಗಳಾದ ಮೇಲೆ ಕತ್ತು ಒಂದು ಕಡೆ ವಾಲುತ್ತದೆ, ಹಿಂಗಾಲು ಸೋಲುತ್ತದೆ.

ನಮಗೆ ಜಾಸ್ತಿ ಭಯ ಇರುವುದು ರಕ್ತಸ್ರಾವದ ಕಾಯಿಲೆಯದ್ದು. ವೆಟ್‌ಗಳು, ಅಂದರೆ ಪಶುವೈದ್ಯರು, ಇದನ್ನು ಆರ್‌ಎಚ್‌ಡಿ ಅನ್ನುತ್ತಾರೆ. 1984ರಲ್ಲಿ ಚೀನಾದಲ್ಲಿ ಮೊದಲು ಕಾಣಿಸಿಕೊಂಡ ವೈರಸ್ ಇದು. 2010ರಲ್ಲಿ ಫ್ರಾನ್ಸಿನಲ್ಲಿ ಎರಡನೇ ಬಗೆಯದ್ದು ಪತ್ತೆಯಾಗಿ ಹಲವು ದೇಶಗಳಿಗೆ ಹರಡಿತು. ಹಳೆಯದು ಎಳೆ ಮರಿಗಳ ಜೀವ ತೆಗೆಯುತ್ತಿದ್ದದ್ದು ಕಡಿಮೆ, ಇದು ಅವನ್ನೂ ಬಿಡುವುದಿಲ್ಲ. ಎಷ್ಟೋ ಸಲ ಯಾವ ಲಕ್ಷಣವೂ ಕಾಣುವುದಿಲ್ಲ, ಮೊಲ ಇದ್ದಕ್ಕಿದ್ದಂತೆ ಸತ್ತಿರುತ್ತದೆ. ವೈರಸ್ಸನ್ನೇ ಕೊಲ್ಲುವ ಔಷಧಿಯೂ ಇಲ್ಲ. ಮನುಷ್ಯರಿಗೆ ಇದು ಅಂಟದು, ಆದರೆ ನಮ್ಮ ಬಟ್ಟೆ, ಚಪ್ಪಲಿ, ಹುಲ್ಲಿನ ಕಟ್ಟು, ಕಡೆಗೆ ನೊಣದ ಕಾಲಿನ ಮೇಲೂ ಕೂತು ಬರುತ್ತದೆ. ಹೊರಗೆ ತಿಂಗಳುಗಟ್ಟಲೆ ಬದುಕಿರಬಲ್ಲದು. ಕೈಗೆ ಹಚ್ಚುವ ಸ್ಯಾನಿಟೈಸರನ್ನು ನಂಬಿಕೊಂಡು ಕೂರುವಂತಿಲ್ಲ. ಅದಕ್ಕೇ ನಮ್ಮಲ್ಲಿ ಕೋಣೆ ಖಾಲಿಯಾದಾಗಲೆಲ್ಲ ಮೊದಲು ಕೊಳೆ ಚೆನ್ನಾಗಿ ತೊಳೆದು, ಆಮೇಲೆ ಒಂದು ಪಾಲು ಬ್ಲೀಚಿಗೆ ಒಂಬತ್ತು ಪಾಲು ನೀರು ಬೆರೆಸಿ ಬಳಿದು, ಹತ್ತು ನಿಮಿಷ ಹಾಗೇ ಬಿಡುತ್ತೇವೆ. ಮಣ್ಣು, ಹುಲ್ಲು ಇರುವ ಅಂಗಳವನ್ನು ಹೀಗೆ ತೊಳೆಯಲು ಆಗುವುದಿಲ್ಲ ಅಲ್ವಾ? ಮುಚ್ಚುತ್ತಿರುವುದು ಇದಕ್ಕೇ.

ಮೊಲವನ್ನು ಒಳಗೆ ಬಿಟ್ಟುಕೊಳ್ಳುವ ಮುಂಚೆ ನಿಮ್ಮೆದುರೇ ಒಮ್ಮೆ ನೋಡುತ್ತೇವೆ. ಮುಂಗಾಲಿನ ಒಳಬದಿಯ ಕೂದಲು ಅಂಟಂಟಾಗಿ ಗಂಟು ಕಟ್ಟಿದ್ದರೆ ಅದು ಸೋರುವ ಮೂಗನ್ನು ಒರೆಸಿಕೊಳ್ಳುತ್ತಿದೆ ಎಂದರ್ಥ. ಮೂಗು ಒಣಗಿದ ಹಾಗೆ ಕಂಡರೂ ಕಾಲು ನಿಜ ಹೇಳುತ್ತದೆ. ಕಿವಿಯೊಳಗೆ ಕಂದು ಬಣ್ಣದ ಹೊಪ್ಪಳೆ ಇದ್ದರೆ ಹುಳದ ಕಾಟ. ಇವೆರಡರಲ್ಲಿ ಯಾವುದು ಕಂಡರೂ ವೆಟ್ ನೋಡಿ ಹೇಳುವ ತನಕ ಸೇರಿಸಿಕೊಳ್ಳುವುದಿಲ್ಲ. ಪ್ರಯಾಣಕ್ಕೆ ಹೊರಟು ನಿಂತವರಿಗೆ ಇದು ಎಷ್ಟು ಕಷ್ಟ ಅಂತ ನಮಗೆ ಗೊತ್ತು. ಅದಕ್ಕೇ ಒಂದು ವಾರ ಮುಂಚೆಯೇ ನೀವೇ ಮನೆಯಲ್ಲಿ ನೋಡಿಬಿಡಿ.

ನಿಮ್ಮ ಕಡೆ ಆರ್‌ಎಚ್‌ಡಿ ಲಸಿಕೆ ಸಿಗುವುದಾದರೆ ದಯವಿಟ್ಟು ಹಾಕಿಸಿ, ಚೀಟಿ ತನ್ನಿ. ಎರಡೂ ಬಗೆಗೆ ರಕ್ಷಣೆ ಇದೆಯೇ ಎಂದು ವೆಟ್ ಹತ್ತಿರ ಕೇಳಿ. ಮನೆಗೆ ಹೊಸ ಮೊಲ ಬಂದು 14 ದಿನ ಆಗಿಲ್ಲದಿದ್ದರೆ ನಮಗೆ ಮೊದಲೇ ಹೇಳಿ, ತಾರೀಖು ಮುಂದೆ ಹಾಕೋಣ. ನೀರಿನ ಬಟ್ಟಲು, ಹಾಸು ನಿಮ್ಮದೇ ಇರಲಿ. ಬೇರೆ ಮೊಲಗಳನ್ನು ನೋಡುವ ಆಸೆಯಿಂದ ಒಳಗಿನ ಕೋಣೆಗಳಿಗೆ ಹೋಗುವುದನ್ನು ಇನ್ನು ಬಿಡಬೇಕು, ಮಕ್ಕಳಿಗೂ ಹೇಳಿ.

ಮನೆಗೆ ಕರೆದುಕೊಂಡು ಹೋದ ಮೇಲೂ ಎರಡು ವಾರ ಗಮನ ಇಡಿ. ಅರ್ಧ ದಿನ ಏನೂ ತಿನ್ನದಿದ್ದರೆ ಕಾಯಬೇಡಿ, ತಕ್ಷಣ ವೆಟ್ ಹತ್ತಿರ ಹೋಗಿ, ನಮಗೂ ಒಂದು ಫೋನ್ ಮಾಡಿ. ಆಗ ಆ ದಿನಗಳಲ್ಲಿ ಇಲ್ಲಿದ್ದ ಉಳಿದ ಮೊಲಗಳ ಮನೆಯವರಿಗೂ ತಿಳಿಸಬಹುದು.

ಈಗಾಗಲೇ ಮುಂಗಡ ಕೊಟ್ಟು ದಿನ ಗೊತ್ತುಮಾಡಿಕೊಂಡವರಿಗೆ ಈ ಬದಲಾವಣೆ ಒಪ್ಪಿಗೆಯಾಗದಿದ್ದರೆ ಪೂರ್ತಿ ಹಣ ವಾಪಸ್ ಕೊಡುತ್ತೇವೆ. ಈ ತಿಂಗಳ ಕೊನೆಯೊಳಗೆ ತಿಳಿಸಿದರೆ ಸಾಕು.

ಇಂತಿ ನಿಮ್ಮ,
ಮೊಲಗಳ ಆರೈಕೆ ಬಳಗ