ಮಗನ ಡ್ರಿಪ್ ಮಡಿಕೇರಿಯಲ್ಲೇ ಸಿಗಲಿ

ಮಾನ್ಯ ಸಂಪಾದಕರೇ,

ನಾನು ಕೊಡಗಿನ ಸುಂಟಿಕೊಪ್ಪದ ಹತ್ತಿರ ಒಂದು ಕಾಫಿ ತೋಟದಲ್ಲಿ ರೈಟರ್, ಅಂದರೆ ತೋಟದ ಲೆಕ್ಕಪತ್ರ ಬರೆಯುವವನು. ನನ್ನ ಮಗನಿಗೆ ಒಂಬತ್ತು ವರ್ಷ. ಅವನಿಗೆ ಗೋಶೆ ಎಂಬ ಅಪರೂಪದ ಕಾಯಿಲೆ. ಒಂದು ಬಗೆಯ ಕೊಬ್ಬನ್ನು ಕರಗಿಸುವ ಕಿಣ್ವ ಇವನಿಗೆ ಹುಟ್ಟಿನಿಂದಲೇ ಸಾಲುವುದಿಲ್ಲ. ಆ ಕೊಬ್ಬು ಗುಲ್ಮದಲ್ಲಿ, ಲಿವರಿನಲ್ಲಿ, ಮೂಳೆಯೊಳಗೆ ಸೇರಿಕೊಳ್ಳುತ್ತದೆ. ಹೊಟ್ಟೆ ಊದಿದಾಗ ಮೊದಲು ಎಲ್ಲರೂ ಜಂತುಹುಳ ಅಂದರು. ಮೂಗಿನಲ್ಲಿ ರಕ್ತ ಬಂದಾಗ ಉಷ್ಣ ಅಂದರು. ಕಾಯಿಲೆಯ ಹೆಸರು ಗೊತ್ತಾಗುವ ಹೊತ್ತಿಗೆ ಎರಡೂವರೆ ವರ್ಷ ಕಳೆದಿತ್ತು. ಯಾರನ್ನೂ ದೂರುವುದಿಲ್ಲ. ಎಷ್ಟೋ ಡಾಕ್ಟರುಗಳು ಇಂಥ ಒಂದು ಮಗುವನ್ನೂ ನೋಡಿರುವುದಿಲ್ಲ.

ಇದಕ್ಕೆ ಔಷಧಿ ಇದೆ. ಹದಿನೈದು ದಿನಕ್ಕೊಮ್ಮೆ ಡ್ರಿಪ್ ಮೂಲಕ ಆ ಕಿಣ್ವ ಕೊಡುತ್ತಾರೆ. ಶುರು ಮಾಡಿದ ಮೇಲೆ ಮಗ ಶಾಲೆಗೆ ಹೋಗುತ್ತಿದ್ದಾನೆ, ಓಡುತ್ತಾನೆ. ಆದರೆ ಡ್ರಿಪ್ ಸಿಗುವುದು ಬೆಂಗಳೂರಿನಲ್ಲಿ. ಇನ್ನೂರು ಕಿಲೋಮೀಟರಿಗೂ ಜಾಸ್ತಿ. ನಮ್ಮ ಜಿಲ್ಲೆಗೆ ರೈಲಿಲ್ಲ. ರಾತ್ರಿ ಬಸ್ಸು ಹತ್ತಿ, ಬೆಳಿಗ್ಗೆ ಇಳಿದು, ಡ್ರಿಪ್ ಮುಗಿಸಿ ಮತ್ತೆ ರಾತ್ರಿ ಬಸ್ಸು. ಕುಯ್ಲಿನ ಸಮಯದಲ್ಲಿ ನಾನು ರಜೆ ಕೇಳುವುದಾದರೂ ಹೇಗೆ? ಹೆಂಡತಿ ಒಬ್ಬಳೇ ಕರೆದುಕೊಂಡು ಹೋಗುತ್ತಾಳೆ. ಕಳೆದ ಮಳೆಗಾಲದಲ್ಲಿ ದಾರಿಗೆ ಮರ ಬಿದ್ದು ಬಸ್ಸು ವಾಪಸ್ ಬಂತು, ಒಂದು ಡೋಸ್ ತಪ್ಪಿತು. ಆ ವಾರ ಅವನು ಕಾಲು ನೋವು ಅಂತ ರಾತ್ರಿಯೆಲ್ಲ ಅತ್ತ.

ಕೇಂದ್ರ ಸರ್ಕಾರ 2021ರಲ್ಲಿ ಅಪರೂಪದ ಕಾಯಿಲೆಗಳ ನೀತಿ ತಂದಿತು. 2022ರಲ್ಲಿ ಒಬ್ಬ ರೋಗಿಗೆ 50 ಲಕ್ಷ ರೂಪಾಯಿವರೆಗೆ ನೆರವು ಎಂದಿತು. ಅದಿಲ್ಲದಿದ್ದರೆ ನಾವು ಎಲ್ಲಿಗೆ ಹೋಗಬೇಕಿತ್ತೋ. ಆದರೆ ಈ ಔಷಧಿಯನ್ನು ಮೈ ತೂಕ ನೋಡಿ ಕೊಡುತ್ತಾರೆ, ಜೀವನಪೂರ್ತಿ ಬೇಕು. ಮಗ ಎರಡು ಕೆಜಿ ಜಾಸ್ತಿಯಾದ ಅಂದರೆ ಬೇರೆ ಮನೆಗಳಲ್ಲಿ ಖುಷಿ. ನಮ್ಮ ಮನೆಯಲ್ಲಿ ಖುಷಿಯ ಜೊತೆ ಬಾಟಲಿಯ ಲೆಕ್ಕ. ಮಗು ಬೆಳೆದಷ್ಟೂ ಹಣ ಬೇಗ ಖಾಲಿಯಾಗುತ್ತದೆ. ಆಮೇಲೆ? ಹಣ ಮುಗಿಯಿತು ಅಂತ ಕಾಯಿಲೆ ನಿಲ್ಲುವುದಿಲ್ಲ ಅಲ್ವಾ?

ಮಾಕುಟ್ಟ ದಾಟಿದರೆ ಕೇರಳ. ಅಲ್ಲಿನ ಸರ್ಕಾರ 2024ರಲ್ಲಿ ಇಂಥ ಕಾಯಿಲೆಗಳಿಗೇ ‘ಕೇರ್’ ಎಂಬ ಯೋಜನೆ ಶುರು ಮಾಡಿದೆ. ಮಡಿಕೇರಿ, ವಿರಾಜಪೇಟೆಯ ನಮ್ಮ ಇಬ್ಬರು ಶಾಸಕರು ಮುಂದಿನ ಅಧಿವೇಶನದಲ್ಲಿ ಒಂದು ಪ್ರಶ್ನೆ ಕೇಳಲಿ: 50 ಲಕ್ಷ ಮುಗಿದ ಮಗುವಿನ ಔಷಧಿಗೆ ರಾಜ್ಯ ಏನು ಮಾಡುತ್ತದೆ? ನಮ್ಮ ಸಂಸದರು ಆ ಮಿತಿಯ ಬಗ್ಗೆ ಲೋಕಸಭೆಯಲ್ಲಿ ಮಾತಾಡಲಿ. ಮಡಿಕೇರಿಯಲ್ಲಿ ಸರ್ಕಾರಿ ಮೆಡಿಕಲ್ ಕಾಲೇಜಿದೆ, ಡಾಕ್ಟರುಗಳಿದ್ದಾರೆ, ಫ್ರಿಜ್ ಇದೆ, ಹಾಸಿಗೆ ಇದೆ. ಬೆಂಗಳೂರಿನ ತಜ್ಞರು ಹೇಳಿಕೊಟ್ಟಂತೆ ಡ್ರಿಪ್ ಇಲ್ಲೇ ಹಾಕಲಿ. ಮೂರು ತಿಂಗಳಿಗೊಮ್ಮೆ ತಪಾಸಣೆಗೆ ಬೆಂಗಳೂರಿಗೆ ಬನ್ನಿ ಅಂದರೆ ಸಂತೋಷವಾಗಿ ಹೋಗುತ್ತೇವೆ.

ಮುಂದಿನ ಡೋಸ್ ಬರುವ ಗುರುವಾರ. ಬುಧವಾರ ರಾತ್ರಿ ಬಸ್ಸು. ನಮ್ಮ ಜನಪ್ರತಿನಿಧಿಗಳಲ್ಲಿ ಯಾರಾದರೂ ಒಮ್ಮೆ ನಮ್ಮ ಜೊತೆ ಬರುವುದಾದರೆ, ಮಗನ ಪಕ್ಕದ ಸೀಟು ಹಿಡಿದಿಡುತ್ತೇನೆ.

– ಒಬ್ಬ ತಂದೆ, ಸುಂಟಿಕೊಪ್ಪ